'ಅಷ್ಟೂ ಗೊತ್ತಾಗಲ್ವಾ?': ಕೆಲಸದ ಜಾಗದ ಸುರಕ್ಷತೆ ಮತ್ತು ನಮ್ಮ ಕಾಮನ್ ಸೆನ್ಸ್

ಡಿಪ್ಲೊಮಾ ಮುಗಿದ ಮಾರನೇ ವರ್ಷ ನಾನು ತುಮಕೂರಿನ ಅಂತರಸನಹಳ್ಳಿ ಕಡೆಯ ಒಂದು ಪ್ರೆಸ್ ಶಾಪ್‌ನಲ್ಲಿ ಸೂಪರ್‌ವೈಸರ್ ಆಗಿ ಸೇರಿದೆ. ಹದಿನಾಲ್ಕು ಜನ, ಆರು ಪವರ್ ಪ್ರೆಸ್, ಎರಡು ಡ್ರಿಲ್ಲಿಂಗ್ ಮಷಿನ್, ಮೂಲೆಯಲ್ಲೊಂದು ಗ್ರೈಂಡರ್, ಬಾಗಿಲ ಮೇಲೆ ಗಣಪತಿ ಫೋಟೊ. ಬೈಕಿಗೆ ಬೇಕಾದ ಸಣ್ಣ ಸಣ್ಣ ತಗಡಿನ ಬ್ರಾಕೆಟ್ ಹೊಡೆದು ಕೊಡುವುದು ಕೆಲಸ. ಪ್ರೆಸ್‌ನ ಮೇಲಿನ ಅಚ್ಚು ಇಳಿದು ಕೆಳಗಿನ ಅಚ್ಚಿನ ಮೇಲಿಟ್ಟ ತಗಡನ್ನು ಒತ್ತುತ್ತದೆ, ಈ ಅಚ್ಚಿಗೆ ಡೈ ಅನ್ನುತ್ತಾರೆ. ಸೇರಿ ಎಂಟು ತಿಂಗಳಾಗಿತ್ತು. ಒಂದು ಶುಕ್ರವಾರ ಸಂಜೆ ಐದರ ಸುಮಾರಿಗೆ ಮೂರನೇ ನಂಬರ್ ಪ್ರೆಸ್‌ನಲ್ಲಿ ಶಿರಾ ಕಡೆಯ ಹುಡುಗನೊಬ್ಬನ ಎರಡು ಬೆರಳು ಹೋದವು. ತೋರುಬೆರಳು ಪೂರ್ತಿ, ನಡುಬೆರಳು ಅರ್ಧ.

ಆಸ್ಪತ್ರೆಯ ಬೆಂಚಿನ ಮೇಲೆ ಕೈ ಎತ್ತಿ ಹಿಡಿದು ಕೂತಿದ್ದ. ಮಾಲೀಕರು ಕೆಟ್ಟವರೇನಲ್ಲ. ತಮ್ಮ ಕಾರಿನಲ್ಲೇ ಕರೆತಂದಿದ್ದರು, ಖರ್ಚೆಲ್ಲ ನಂದೇ ಅಂದಿದ್ದರು. ಆದರೂ ಅವರ ಬಾಯಿಂದ ಮೊದಲು ಬಂದ ಮಾತು, "ಅಷ್ಟೂ ಗೊತ್ತಾಗಲ್ವೇನೋ ನಿಂಗೆ? ಡೈ ಒಳಗೆ ಯಾರಾದ್ರೂ ಕೈ ಇಡ್ತಾರಾ?" ಹುಡುಗ ತಲೆ ತಗ್ಗಿಸಿದ. ನಾನೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡಿದ್ದೆ.

ಆ ಪ್ರೆಸ್‌ಗೆ ಎರಡು ಬಟನ್ ಇದ್ದವು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಡೈ ಇಳಿಯಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಕೈ ಇರಲು ಸಾಧ್ಯವೇ ಇಲ್ಲ, ಲೆಕ್ಕ ಅಷ್ಟೇ. ಆದರೆ ಎಡಗಡೆ ಬಟನ್‌ಗೆ ಐಸ್‌ಕ್ಯಾಂಡಿ ಕಡ್ಡಿ ಸಿಕ್ಕಿಸಿ, ಸದಾ ಒತ್ತಿದ ಹಾಗೇ ಇರುವಂತೆ ಮಾಡಿದ್ದರು. ಒಳ್ಳೆ ಕಂಟ್ರೋಲ್ ಇದ್ದ ಮಷಿನ್ ಆಗಿದ್ದರೆ ಇಂಥ ಕಳ್ಳಾಟಕ್ಕೆ ಓಡುತ್ತಲೇ ಇರಲಿಲ್ಲ. ನಮ್ಮದು ಅಂಥದ್ದಲ್ಲ. ಒಂದು ಕೈ ಬಿಡುವಾದರೆ ಆ ಕೈಯಲ್ಲಿ ಪೀಸ್ ಎತ್ತಬಹುದು, ಇನ್ನೊಂದರಲ್ಲಿ ಒತ್ತಬಹುದು. ಗಂಟೆಗೆ ನೂರು, ನೂರೈವತ್ತು ಪೀಸ್ ಜಾಸ್ತಿ ಬೀಳುತ್ತದೆ. ಕಡ್ಡಿ ಸಿಕ್ಕಿಸಿದ್ದು ಆ ಹುಡುಗ ಅಲ್ಲ, ಅವನು ಸೇರುವ ಮೊದಲೇ ಅದು ಅಲ್ಲಿತ್ತು. ದಿನದ ಟಾರ್ಗೆಟ್ ಹಾಕುತ್ತಿದ್ದದ್ದು ಕೂಡ ಕಡ್ಡಿ ಇದ್ದಾಗ ಎಷ್ಟು ಬೀಳುತ್ತದೋ ಆ ಲೆಕ್ಕದ ಮೇಲೆ. ಬೋರ್ಡಿನ ಮೇಲೆ ಅದನ್ನು ಬರೆಯುತ್ತಿದ್ದವನು ನಾನು.

ಇನ್ನೊಂದು ಸಂಗತಿ ಮರುದಿನ ಗೊತ್ತಾಯಿತು. ಡೈಯನ್ನು ಒಂದೇ ಸಲ ಇಳಿಸಿ ನಿಲ್ಲಿಸಬೇಕಾದ ಕ್ಲಚ್ಚಿನ ಕೀ ಸವೆದು ಆ ಪ್ರೆಸ್ ಆಗಾಗ 'ಡಬಲ್' ಹೊಡೆಯುತ್ತಿತ್ತು. ಒಮ್ಮೆ ಒತ್ತಿದರೆ ಎರಡು ಸಲ ಇಳಿಯುತ್ತಿತ್ತು. ಇದನ್ನು ಹುಡುಗ ಮಂಗಳವಾರವೇ ಮೇಂಟೆನೆನ್ಸ್‌ನವರಿಗೆ ಹೇಳಿದ್ದ. "ಭಾನುವಾರ ಬಿಚ್ಚಿ ನೋಡೋಣ, ಅಲ್ಲಿವರೆಗೂ ಹುಷಾರಾಗಿ ಓಡ್ಸು" ಅಂದಿದ್ದರಂತೆ.

ಅಂದರೆ ಆಸ್ಪತ್ರೆಯಲ್ಲಿ ಮಾಲೀಕರು ಕೇಳಿದ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇತ್ತು. ಮಷಿನ್ ಕೆಟ್ಟಿದೆ ಅನ್ನುವುದು ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದೇ ಅವನಿಗೆ. ಆದರೆ ಬಾಯಿ ಬಿಡಲಿಲ್ಲ. ಮೂರು ತಿಂಗಳ ಕಾಂಟ್ರಾಕ್ಟ್ ಮೇಲೆ ಬಂದವನು ಆಸ್ಪತ್ರೆ ಬೆಂಚಿನಲ್ಲಿ ಕೂತು ಮಾಲೀಕರಿಗೆ ಎದುರುತ್ತರ ಕೊಡ್ತಾನಾ?

ಆಮೇಲೆ ಬೇರೆ ಬೇರೆ ಕಡೆ ಕೆಲಸ ಮಾಡಿದೆ. ವಸಂತನರಸಾಪುರ, ಮಾಲೂರು, ಸ್ವಲ್ಪ ಕಾಲ ಗೌರಿಬಿದನೂರು. 'ಸೇಫ್ಟಿ ಅಂದ್ರೆ ಏನ್ರೀ, ಕಾಮನ್ ಸೆನ್ಸ್ ಅಷ್ಟೇ' ಅನ್ನುವ ಮಾತು ಕೇಳದ ಜಾಗ ಇಲ್ಲ. ಈ ಮಾತನ್ನು ಸ್ವಲ್ಪ ಬಿಚ್ಚಿ ನೋಡಬೇಕು ಅನ್ನಿಸುತ್ತದೆ. ಯಾಕೆಂದರೆ ಇದನ್ನು ಕೆಲಸ ಶುರುವಾಗುವ ಮೊದಲು ಹೇಳಿದವರನ್ನು ನಾನು ಕಂಡದ್ದು ಕಡಿಮೆ. ಪೆಟ್ಟು ಬಿದ್ದ ಮೇಲೆ ಹೇಳಿದವರೇ ಜಾಸ್ತಿ.

ಹಿಂದೆ ಈ ಮಾತೂ ಇರಲಿಲ್ಲ. 'ಹಣೆಬರಹ', 'ಗ್ರಹಚಾರ' ಅಂತಿದ್ದರು, ಮುಗೀತು. ಕೆಜಿಎಫ್‌ನ ಹಳಬರನ್ನು ಮಾತಾಡಿಸಿದರೆ ಅದು ಈಗಲೂ ಕಿವಿಗೆ ಬೀಳುತ್ತದೆ. ಚಿನ್ನ ತೆಗೆಯಲು ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟದ್ದು 1880ರಲ್ಲಿ. ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ್ದು 2001ರ ಫೆಬ್ರವರಿ 28ಕ್ಕೆ. ಅಷ್ಟು ವರ್ಷಗಳಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಸುತ್ತಲಿನ ಬಂಡೆ ಒತ್ತಡ ತಾಳಲಾರದೆ ಏಕಾಏಕಿ ಸಿಡಿಯುತ್ತದೆ. ರಾಕ್ ಬರ್ಸ್ಟ್ ಅನ್ನುವುದು ಅದಕ್ಕೇ. ಎಷ್ಟೇ ಹುಷಾರಾದ ಕೆಲಸಗಾರನಾದರೂ ಅಲ್ಲಿ ಏನು ಮಾಡಿಯಾನು? ಅವನ ಹುಷಾರಿಗೂ ಬಂಡೆಗೂ ಸಂಬಂಧವೇ ಇಲ್ಲ. ಬಂಡೆಯನ್ನು ಅಳೆಯಬೇಕು, ಅದರ ಸದ್ದು ಕೇಳಿಸಿಕೊಳ್ಳುವ ಉಪಕರಣ ಇಡಬೇಕು, ಎಲ್ಲಿ ಎಷ್ಟು ಅಗೆಯಬೇಕು ಅಂತ ಲೆಕ್ಕ ಹಾಕಬೇಕು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದು ಕೆಜಿಎಫ್‌ನಲ್ಲೇ. ಗ್ರಹಚಾರ ಅಂತ ಬಿಟ್ಟಿದ್ದನ್ನು ಅಳತೆಗೆ ತಂದದ್ದು ನಮ್ಮ ಕೋಲಾರದ ನೆಲ. ಇದನ್ನು ನಾವೇ ಮರೆತಿದ್ದೇವೆ.

ಅದೇ ಗಣಿಯಿಂದ ಇನ್ನೊಂದು ಪಾಠವೂ ಬಂತು. ಭಾರತದಲ್ಲಿ ಸಿಲಿಕೋಸಿಸ್ ಕಾಯಿಲೆ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಯಿಂದ, 1947ರಲ್ಲಿ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು, ಅದನ್ನು ಗಟ್ಟಿ ಮಾಡಿ, ಉಸಿರು ಕಿತ್ತುಕೊಳ್ಳುವ ಕಾಯಿಲೆ. ಕಾಮನ್ ಸೆನ್ಸ್ ಇಲ್ಲಿ ಪೂರ್ತಿ ಕೈಕೊಡುತ್ತದೆ. ಚಿಕ್ಕಬಳ್ಳಾಪುರದ ಕಡೆ ಯಾವುದಾದರೂ ಕ್ರಷರ್, ಅಂದರೆ ಕಲ್ಲು ಪುಡಿ ಮಾಡುವ ಘಟಕದ ಹತ್ತಿರ ನಿಂತು ನೋಡಿ. ಧೂಳೆದ್ದಾಗ ಎಲ್ಲರೂ ಟವೆಲ್ಲು ಮೂಗಿಗೆ ಕಟ್ಟುತ್ತಾರೆ, ಧೂಳು ಅಡಗಿದ ಮೇಲೆ ಬಿಚ್ಚುತ್ತಾರೆ. ಕಣ್ಣಿಗೆ ಕಾಣುವ ಧೂಳು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಶ್ವಾಸಕೋಶದ ತಳಕ್ಕಿಳಿಯುವ ಧೂಳು ಕಣ್ಣಿಗೆ ಕಾಣುವುದೇ ಇಲ್ಲ. ಎಲ್ಲ ತಿಳಿಯಾಯ್ತು ಅನ್ನಿಸಿದ ಮೇಲೂ ಅದು ಗಾಳಿಯಲ್ಲಿ ತೇಲುತ್ತಿರುತ್ತದೆ. ಟವೆಲ್ಲು ಅದನ್ನು ತಡೆಯಲ್ಲ. ನೀರು ಚಿಮುಕಿಸುವುದು, ಕಲ್ಲು ಬೀಳುವ ಜಾಗ ಮುಚ್ಚುವುದು, ಧೂಳು ಎಳೆದುಕೊಳ್ಳುವ ಫ್ಯಾನ್ ಹಾಕುವುದು, ಇವು ತಡೆಯುತ್ತವೆ. ಇವ್ಯಾವನ್ನೂ ಕಲ್ಲು ಹೊರುವ ಕೂಲಿ ಮನೆಯಿಂದ ತರಲಾರ. ಕಾಯಿಲೆ ಎದ್ದು ಕಾಣಲು ಎಷ್ಟೋ ಸಲ ಹತ್ತು ವರ್ಷ ದಾಟುತ್ತದೆ. ಅಷ್ಟರಲ್ಲಿ ಅವನು ರಾಯಚೂರಿಗೋ ಒಡಿಶಾಕ್ಕೋ ವಾಪಸ್ ಹೋಗಿರುತ್ತಾನೆ. ಯಾವ ಕ್ರಷರ್‌ನ ರಿಜಿಸ್ಟರ್‌ನಲ್ಲೂ ಅದು ಅಪಘಾತ ಅಂತ ಏರುವುದಿಲ್ಲ.

ಕಾಮನ್ ಸೆನ್ಸ್ ಅಂದರೆ ಏನು ಹೇಳಿ? ನಾವು ಕಂಡುಂಡು ಕಲಿತದ್ದು. ಬೆಂಕಿ ಸುಡುತ್ತದೆ, ಚಾಕು ಕುಯ್ಯುತ್ತದೆ, ಎತ್ತರದಿಂದ ಬಿದ್ದರೆ ಕಾಲು ಮುರಿಯುತ್ತದೆ. ಹೊಲ, ಮನೆ, ಬಾವಿಕಟ್ಟೆಯಲ್ಲಿ ಇದು ಸಾಕಾಗುತ್ತಿತ್ತು. ಕಾರ್ಖಾನೆಯ ಎಷ್ಟೋ ಅಪಾಯಗಳು ಈ ಪಟ್ಟಿಯಲ್ಲೇ ಇಲ್ಲ. ಕೆಲವಂತೂ ಇರುವ ಬುದ್ಧಿಯನ್ನೇ ಮೋಸ ಮಾಡುತ್ತವೆ. ಮಲದ ಗುಂಡಿ, ಒಳಚರಂಡಿ, ಕಾರ್ಖಾನೆಯ ಕೊಳಚೆ ಟ್ಯಾಂಕುಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿ ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಪ್ರಮಾಣ ಹೆಚ್ಚಾದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರಲ್ಲ. 'ವಾಸನೆ ಹೋಯ್ತು, ಇಳಿ' ಅನ್ನುವ ಹೊತ್ತೇ ಸಾಯುವ ಹೊತ್ತು. ಒಬ್ಬ ಬಿದ್ದ ಅಂತ ಇನ್ನೊಬ್ಬ ಹಿಂದೆಯೇ ಇಳಿಯುತ್ತಾನೆ. ಗುಂಡಿಯಿಂದ ಎರಡು, ಮೂರು ಹೆಣ ಒಟ್ಟಿಗೆ ಬರುವುದು ಹೀಗೆ. ಬಿದ್ದವನನ್ನು ಎತ್ತಬೇಕು ಅನ್ನುವುದು ಮನುಷ್ಯನಾದವನ ಮೊದಲ ಬುದ್ಧಿ ಅಲ್ವಾ? ಅದೇ ಬುದ್ಧಿ ಅವನನ್ನು ಕೊಲ್ಲುತ್ತದೆ. ಹೀಗೆ ಜನರನ್ನು ಇಳಿಸುವುದನ್ನು ತಡೆಯುವ ಕಾಯ್ದೆ 2013ರಿಂದ ಇದೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿನ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಇಳಿಯುವವರು ಇನ್ನೂ ಇಳಿಯುತ್ತಲೇ ಇದ್ದಾರೆ.

ಕರೆಂಟಿನದ್ದೂ ಇದೇ ಕಥೆ. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್‌ನಿಂದ 'ಎಲ್‌ಸಿ' ತೆಗೆದುಕೊಳ್ಳಬೇಕು, ಅಂದರೆ ಲೈನ್ ಕ್ಲಿಯರ್, ಲೈನ್ ಆಫ್ ಮಾಡಿದ್ದೇವೆ, ಕೆಲಸ ಮಾಡಬಹುದು ಅನ್ನುವ ಅನುಮತಿ. ಆಮೇಲೂ ಲೈನಿಗೆ ಅರ್ತ್ ಮಾಡಬೇಕು, ಅಂದರೆ ತಂತಿಯನ್ನು ನೆಲಕ್ಕೆ ಜೋಡಿಸಬೇಕು. ಲೈನ್ ಆಫ್ ಆದ ಮೇಲೆ ಅರ್ತಿಂಗ್ ಯಾಕೆ? ಅಲ್ಲೇ ಪಕ್ಕದ ಕಲ್ಯಾಣ ಮಂಟಪದಲ್ಲಿ ಯಾರೋ ಜನರೇಟರ್ ಹಾಕಿದರೆ, ಜನರೇಟರನ್ನೂ ಲೈನನ್ನೂ ಬೇರೆ ಇಡುವ ಚೇಂಜ್‌ಓವರ್ ಸ್ವಿಚ್ ಸರಿ ಇಲ್ಲದಿದ್ದರೆ, ಕರೆಂಟು ಉಲ್ಟಾ ಕಂಬಕ್ಕೆ ಬರುತ್ತದೆ. ಇದು ಯೋಚಿಸಿದರೆ ಹೊಳೆಯುವ ವಿಷಯವಲ್ಲ. ಯಾರೋ ಸತ್ತ ಮೇಲೆ ಕಲಿತು, ಬರೆದಿಟ್ಟ ವಿಷಯ.

ಬಂಡೆ ಸಿಡಿಸುವ ಜಿಲೆಟಿನ್ ಕಡ್ಡಿಯನ್ನೂ ಅದಕ್ಕೆ ಕಿಡಿ ಕೊಡುವ ಡಿಟೋನೇಟರನ್ನೂ ಒಂದೇ ಗಾಡಿಯಲ್ಲಿ, ಒಂದೇ ಕೋಣೆಯಲ್ಲಿ ಒಟ್ಟಿಗೆ ಇಡಬಾರದು ಅನ್ನುವ ನಿಯಮವೂ ಹಾಗೆ ಬಂದದ್ದೇ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ಸಿಡಿಯಿತು. ಅದಾದ ಮೇಲೆ ರಾಜ್ಯದಲ್ಲಿ ಕ್ವಾರಿಗಳ ತಪಾಸಣೆ ಜೋರಾಯಿತು. ಒಂದು ತಿಂಗಳ ನಂತರ, ಫೆಬ್ರವರಿ 23ರ ನಸುಕಿಗೆ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಹತ್ತಿರ ಅಕ್ರಮವಾಗಿ ಇಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ಕಣ್ಮರೆ ಮಾಡಲು ಹೋದಾಗ ಸಿಡಿದು ಆರು ಜನ ಸತ್ತರು. ಸುದ್ದಿ ಬಂದ ದಿನ ನಮ್ಮ ಆಫೀಸಿನಲ್ಲಿ ಒಬ್ಬರು ಹೇಳಿದರು: "ಜಿಲೆಟಿನ್ ಜೊತೆ ಆಟ ಆಡ್ತಾರಲ್ಲ, ಬುದ್ಧಿ ಬೇಡ್ವಾ?" ನಡುರಾತ್ರಿ 'ನಡೀರಿ, ಇದನ್ನ ಎತ್ತಿ ಬಿಸಾಕಿ ಬರೋಣ' ಅಂತ ಎಬ್ಬಿಸಿದರೆ, 'ನಾನು ಬರಲ್ಲ' ಅನ್ನಲು ಬುದ್ಧಿ ಒಂದೇ ಸಾಕಾ? ನಾಳೆ ಕೆಲಸ ಇರುತ್ತದೆ ಅನ್ನುವ ಧೈರ್ಯವೂ ಬೇಕು.

ತಪ್ಪೆಲ್ಲ ಕೆಲಸಗಾರನದೇ ಅನ್ನುವುದಕ್ಕೆ ಒಂದು ಹಳೆಯ ಅಂಕಿ ಇದೆ. ಸೇಫ್ಟಿ ತರಬೇತಿಗೆ ಹೋದವರು ಕೇಳಿಯೇ ಇರುತ್ತೀರಿ: ನೂರಕ್ಕೆ 88 ಅಪಘಾತಕ್ಕೆ ಕಾರಣ ಕೆಲಸಗಾರರ ತಪ್ಪು ನಡವಳಿಕೆ. ಇದನ್ನು ಹೇಳಿದ್ದು ಅಮೆರಿಕದ ಒಂದು ವಿಮಾ ಕಂಪನಿಯಲ್ಲಿದ್ದ ಹೈನ್‌ರಿಕ್ ಅನ್ನುವವರು, 1931ರಲ್ಲಿ. ಅವರು ಲೆಕ್ಕ ಹಾಕಿದ್ದು ವಿಮೆ ಕಾಗದ ಮತ್ತು ಕಾರ್ಖಾನೆಗಳ ಅಪಘಾತ ವರದಿ ನೋಡಿಕೊಂಡು. ವರದಿ ಬರೆಯುತ್ತಿದ್ದವರು ಯಾರು? ಸೂಪರ್‌ವೈಸರ್‌ಗಳು. ಅವತ್ತು ನಮ್ಮ ಪ್ರೆಸ್ ಶಾಪ್‌ನ ವರದಿ ಬರೆದವನು ನಾನೇ. 'ಆಪರೇಟರ್‌ನ ಅಜಾಗರೂಕತೆಯಿಂದ' ಅಂತ ಬರೆದೆ. ಕಡ್ಡಿಯ ಸುದ್ದಿ ಎತ್ತಲಿಲ್ಲ. ಟಾರ್ಗೆಟ್ ಬೋರ್ಡಿನ ಸುದ್ದಿಯಂತೂ ಇಲ್ಲವೇ ಇಲ್ಲ. ಯಾರಾದರೂ ಅದನ್ನು ಲೆಕ್ಕಕ್ಕೆ ಹಿಡಿದಿದ್ದರೆ ಆ 88ರೊಳಗೇ ಸೇರುತ್ತಿತ್ತು.

ಹಾಗಂತ ಕೆಲಸಗಾರನ ಬುದ್ಧಿ ಯಾವುದಕ್ಕೂ ಬರಲ್ಲ ಅಂತ ನಾನು ಹೇಳುತ್ತಿಲ್ಲ. ಇಂಥ ಒಂದು ಘಟನೆ ನೆನೆದರೆ ಈಗಲೂ ನಗು ಬರುತ್ತದೆ. ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿಯಿಂದ ಆಡಿಟ್‌ಗೆ ಬಂದಿದ್ದರು. ಡ್ರಿಲ್ಲಿಂಗ್ ಮಷಿನ್ ಮುಂದೆ ಗುಬ್ಬಿ ಕಡೆಯ ಒಬ್ಬರು, ಐವತ್ತು ದಾಟಿದವರು, ಬರಿಗೈಯಲ್ಲಿ ಕೆಲಸ ಮಾಡುತ್ತಿದ್ದರು. ಗ್ಲೌಸ್ ಇಲ್ಲ ಅಂತ ಆಡಿಟರ್ ಎನ್‌ಸಿ ಹಾಕಿದರು. ಎನ್‌ಸಿ ಅಂದರೆ ನಿಯಮ ಪಾಲಿಸಿಲ್ಲ ಅನ್ನುವ ಕೆಂಪು ಗೆರೆ. ಮರುದಿನ ಎಲ್ಲರೂ ಗ್ಲೌಸ್ ಹಾಕಲೇಬೇಕು ಅಂತ ನೋಟಿಸ್ ಅಂಟಿಸಿದೆ. ಅವರು ಬಂದು ಮೆತ್ತಗೆ ಹೇಳಿದರು: "ಸಾರ್, ತಿರುಗೋ ಬಿಟ್‌ಗೆ ಗ್ಲೌಸಿನ ನೂಲು ಸಿಕ್ಕಿದ್ರೆ ಕೈಯನ್ನೇ ಸುತ್ಕೊಂಡು ಹೋಗುತ್ತೆ. ಬರಿಗೈಯಾದ್ರೆ ಚರ್ಮ ತರಚುತ್ತೆ, ಅಷ್ಟೇ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಡ್ರಿಲ್, ಲೇತ್‌ನಂಥ ತಿರುಗುವ ಮಷಿನ್ ಹತ್ತಿರ ಗ್ಲೌಸ್ ಹಾಕಬಾರದು ಅಂತ ಸುರಕ್ಷತೆಯ ಪಾಠದಲ್ಲೇ ಇದೆ. ನಾನು ಓದಿದ್ದೆ, ಮರೆತಿದ್ದೆ. ಅವರು ಓದಿರಲಿಲ್ಲ, ಕಂಡಿದ್ದರು. ಆದರೂ ಎನ್‌ಸಿ ಮುಚ್ಚಬೇಕಲ್ಲ? "ಆಡಿಟ್ ದಿನ ಒಂದು ಹಾಕ್ಕೊಂಡುಬಿಡಿ ಅಣ್ಣ" ಅಂದೆ. ಮುಂದಿನ ಆಡಿಟ್‌ಗೆ ಅವರು ಹೊಚ್ಚ ಹೊಸ ಗ್ಲೌಸ್ ತೊಟ್ಟು, ಮಷಿನ್ ಆಫ್ ಮಾಡಿ, ಕೈಕಟ್ಟಿ ನಿಂತಿದ್ದರು. ಆಡಿಟರ್ ಫೋಟೊ ತೆಗೆದು, ಟಿಕ್ ಹಾಕಿಕೊಂಡು ಹೋದರು.

ಈಗಿನ ಬದಲಾವಣೆಯ ಒಳ್ಳೆಯದೂ ಕೆಟ್ಟದ್ದೂ ಆ ಫೋಟೊದಲ್ಲಿ ಇದೆ. ಇಪ್ಪತ್ತು ವರ್ಷದ ಹಿಂದೆ ಹವಾಯಿ ಚಪ್ಪಲಿಯಲ್ಲಿ ಬರುತ್ತಿದ್ದ ಹುಡುಗರು ಈಗ ಸೇಫ್ಟಿ ಶೂ ಹಾಕಿ ಬರುತ್ತಾರೆ. ಕೋಲಾರದ ನರಸಾಪುರ, ವೇಮಗಲ್ ಕಡೆ ದೊಡ್ಡ ಕಾರ್ಖಾನೆಗಳು ಬಂದ ಮೇಲೆ, ಅವರಿಗೆ ಮಾಲು ಕೊಡುವ ಸಣ್ಣ ಶೆಡ್ಡುಗಳೂ ಬೆಲ್ಟಿಗೆ ಗಾರ್ಡ್ ಹಾಕಿಸಿವೆ, ಬೆಂಕಿ ಆರಿಸುವ ಸಿಲಿಂಡರ್ ತೂಗುಹಾಕಿವೆ. ಇದು ನಿಜವಾದ ಲಾಭ, ಇಲ್ಲ ಅನ್ನಬಾರದು. ಆದರೆ ಜೊತೆಗೆ ಫೈಲೂ ಬೆಳೆದಿದೆ. ಬೆಳಗಿನ ಸೇಫ್ಟಿ ಮಾತುಕತೆಗೆ ಎಲ್ಲರ ಸಹಿ ಬೇಕು. ತಿಂಗಳ ಕೊನೆಗೆ ಮೂವತ್ತು ದಿನದ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿನಲ್ಲಿ ಬೀಳುತ್ತದೆ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ, ಅವತ್ತು ಪ್ರತಿಜ್ಞೆ. ನಾನಿದ್ದ ಒಂದು ಕಡೆ ಅದನ್ನು ಇಂಗ್ಲಿಷಿನಲ್ಲಿ ಓದಿಸಿದರು. ಎದುರಿಗಿದ್ದವರಲ್ಲಿ ಅರ್ಧ ಜನ ಪಾವಗಡ, ಮಧುಗಿರಿಯವರು, ಉಳಿದವರು ಬಿಹಾರ, ಜಾರ್ಖಂಡಿನವರು. ಎಲ್ಲರೂ ಕೈ ಮುಂದೆ ಚಾಚಿ ನಿಂತಿದ್ದರು. ಫೋಟೊ ಚೆನ್ನಾಗಿ ಬಂತು.

(ಆಯುಧಪೂಜೆಯೇ ಎಷ್ಟೋ ವಾಸಿ ಅನ್ನಿಸಿದ್ದುಂಟು. ಮಷಿನ್ ಪೂರ್ತಿ ನಿಲ್ಲಿಸಿ, ಗಾರ್ಡ್ ಬಿಚ್ಚಿ, ಮೂಲೆ ಮೂಲೆ ಒರೆಸಿ, ಎಣ್ಣೆ ಬಿಡುವುದು ವರ್ಷಕ್ಕೆ ಅದೊಂದೇ ದಿನ. ಬಿಟ್ಟುಹೋದ ಬೋಲ್ಟು ಕಾಣುವುದೂ ಅವತ್ತೇ. ಆದರೆ ಎಲ್ಲರೂ ಶೂ ಬಿಚ್ಚಿ ಬರಿಗಾಲಲ್ಲಿ ನಿಂತಿರುತ್ತಾರೆ, ಬಿಡಿ.)

ಹೆಲ್ಮೆಟ್ ವಿಷಯದಲ್ಲೂ ನಾವು ಕಂಡದ್ದು ಇದನ್ನೇ. 2016ರ ಜನವರಿಯಲ್ಲಿ ಹಿಂದೆ ಕೂರುವವರಿಗೂ ಕಡ್ಡಾಯ ಆದಾಗ ಎಷ್ಟು ಗಲಾಟೆ! ಆಮೇಲೆ ತಲೆಗೆ ಅರ್ಧ ಚಿಪ್ಪಿನಂಥ ಹೆಲ್ಮೆಟ್ ಬಂತು, ಬಕಲ್ ಹಾಕದೆ. ತಲೆ ಉಳಿಸಲು ಹಾಕಿದ್ದೋ, ತುಮಕೂರಿನ ಬಟವಾಡಿ ಸರ್ಕಲ್ಲಿನ ಪೊಲೀಸರಿಗೆ ತೋರಿಸಲು ಹಾಕಿದ್ದೋ?

'ಈ ಸೇಫ್ಟಿ ನಿಯಮ ಅತಿಯಾಯ್ತು, ಕಾಮನ್ ಸೆನ್ಸ್ ಸಾಕು' ಅನ್ನುವ ವಾದ ಬ್ರಿಟನ್‌ನಲ್ಲಿ ಬಹಳ ಜೋರಾಗಿ ನಡೆದದ್ದು. 2010ರಲ್ಲಿ, ಹಿಂದೆ ಮಂತ್ರಿಯಾಗಿದ್ದ ಲಾರ್ಡ್ ಯಂಗ್ ಪ್ರಧಾನಿ ಡೇವಿಡ್ ಕ್ಯಾಮರಾನ್‌ಗೆ ಕೊಟ್ಟ ವರದಿಯ ಹೆಸರಿನಲ್ಲೇ 'ಕಾಮನ್ ಸೆನ್ಸ್' ಇತ್ತು. ಅವರ ದೂರು ಮುಖ್ಯವಾಗಿ ಶಾಲೆ, ಕಚೇರಿಗಳಂಥ ಅಪಾಯ ಕಡಿಮೆ ಇರುವ ಜಾಗಗಳಿಗೂ ಕಾರ್ಖಾನೆಯಷ್ಟೇ ಕಾಗದ ತುಂಬಿಸುತ್ತಾರೆ ಅಂತ. 1974ರಲ್ಲಿ ಕಟ್ಟುನಿಟ್ಟಾದ ಕಾಯ್ದೆ ತಂದು, ಮೂರೂವರೆ ದಶಕ ಜಾರಿ ಮಾಡಿ, ಸಾವು ಬಹಳಷ್ಟು ಇಳಿದ ಮೇಲೆ ಎದ್ದ ಮಾತು ಅದು. ಉಂಡವರು ಊಟ ಜಾಸ್ತಿಯಾಯ್ತು ಅಂದದ್ದನ್ನು ಎಲೆ ಹಾಕದವರ ಮುಂದೆ ಹೇಳಿದ ಹಾಗೆ, ನಮ್ಮಲ್ಲಿ ಅದನ್ನೇ ಎರವಲು ತಂದು ಆಡುತ್ತೇವೆ.

ನಮ್ಮ ಕಾಯ್ದೆಯೂ ಈಗ ಬದಲಾಗಿದೆ. 1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ಬಂದಿದ್ದು, 2025ರ ನವೆಂಬರ್ 21ರಿಂದ ಜಾರಿ ಅಂತ ಕೇಂದ್ರ ಸರ್ಕಾರ ಘೋಷಿಸಿತು. ಕರೆಂಟ್ ಬಳಸುವ ಘಟಕದಲ್ಲಿ ಹತ್ತು ಜನ ಇದ್ದರೆ 'ಕಾರ್ಖಾನೆ' ಅನ್ನಿಸಿಕೊಳ್ಳುತ್ತಿದ್ದದ್ದು ಈಗ ಇಪ್ಪತ್ತಕ್ಕೆ ಏರಿದೆ. ನಮ್ಮ ಹದಿನಾಲ್ಕು ಜನರ ಪ್ರೆಸ್ ಶಾಪ್ ಹಳೇ ಲೆಕ್ಕದಲ್ಲಿ ಕಾರ್ಖಾನೆ, ಹೊಸ ಲೆಕ್ಕದಲ್ಲಿ ಅಲ್ಲ. ಪೂರ್ತಿ ಹೊರಗೆ ಬಿತ್ತು ಅಂತಲೂ ಅಲ್ಲ, ಹತ್ತು ಜನ ಇರುವ ಕಡೆಯೆಲ್ಲ ಸಾಮಾನ್ಯ ಹೊಣೆ ಮಾಲೀಕರ ಮೇಲೆ ಇದ್ದೇ ಇದೆ. ಆದರೆ ಬೆರಳು ಹೋಗುವುದು ಜಾಸ್ತಿ ಇಂಥ ಸಣ್ಣ ಶೆಡ್ಡುಗಳಲ್ಲೇ ಅನ್ನುವುದು ನನ್ನ ಅನುಭವ. ಇನ್ನೊಂದು ಕಡೆ, ಸೇಫ್ಟಿ ಆಫೀಸರ್ ಇರಲೇಬೇಕಾದ ಮಿತಿ ಸಾವಿರ ಕೆಲಸಗಾರರಿಂದ ಐನೂರಕ್ಕೆ ಇಳಿದಿದೆ. ಅದು ಒಳ್ಳೆಯದು.

ನನಗೆ ಮುಖ್ಯ ಅನ್ನಿಸುವ ಸಾಲು ಬೇರೆ. ಪ್ರಾಣಕ್ಕೆ, ಮೈಕೈಗೆ ಅಪಾಯ ಇದೆ ಅನ್ನಿಸಿದರೆ ಕೆಲಸಗಾರ ಅದನ್ನು ಮಾಲೀಕರಿಗೆ ತಿಳಿಸಬಹುದು, ಅದೇ ಹೊತ್ತಿಗೆ ಸರ್ಕಾರದ ನಿರೀಕ್ಷಕರಿಗೂ ತಿಳಿಸಬಹುದು. ಭೋಪಾಲ್ ದುರಂತದ ನಂತರ, 1987ರಲ್ಲಿ, ಅಪಾಯಕಾರಿ ಕಾರ್ಖಾನೆಗಳ ಕೆಲಸಗಾರರಿಗೆ ಇಂಥದೇ ಹಕ್ಕು ಸಿಕ್ಕಿತ್ತು. ಈಗ ಹರವು ದೊಡ್ಡದಾಗಿದೆ. ಆದರೆ ಇದು ತಿಳಿಸುವ ಹಕ್ಕು. 'ಸರಿ ಮಾಡುವವರೆಗೂ ನಾನು ಈ ಮಷಿನ್ ಮುಟ್ಟಲ್ಲ' ಅನ್ನುವ ಹಕ್ಕು ನೇರವಾಗಿ ಬರೆದಿಲ್ಲ. ನಮ್ಮ ಹುಡುಗ ಮಂಗಳವಾರವೇ ತಿಳಿಸಿದ್ದ. ಮಂಗಳವಾರದಿಂದ ಶುಕ್ರವಾರದವರೆಗೆ ಅವನಿಗೆ ಬೇಕಿದ್ದದ್ದು ಎರಡನೆಯ ಹಕ್ಕು.

ಹೋದ ವರ್ಷ ಹಳೇ ಸ್ನೇಹಿತರೊಬ್ಬರ ಶೆಡ್ಡಿಗೆ ಹೋಗಿದ್ದೆ. ಅವರದೂ ಪ್ರೆಸ್ ಶಾಪ್, ಇಪ್ಪತ್ತರೊಳಗೇ ಜನ. ಒಂದು ಪ್ರೆಸ್‌ನ ಸ್ವಿಚ್ಚಿಗೆ ಸಣ್ಣ ಬೀಗ ಬಿದ್ದಿತ್ತು, ಪಕ್ಕದಲ್ಲಿ ರಟ್ಟಿನ ತುಂಡು ನೇತಾಡುತ್ತಿತ್ತು. ಮಾರ್ಕರ್ ಪೆನ್ನಿನಲ್ಲಿ 'ಮುಟ್ಬೇಡಿ. ಕ್ಲಚ್ ಸದ್ದು ಬರ್ತಿದೆ' ಅಂತ ಬರೆದು, ಕೆಳಗೆ ಹೆಸರು, ದಿನಾಂಕ. ಬರೆದದ್ದು ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ, ಸೇರಿ ನಾಲ್ಕು ತಿಂಗಳಾಗಿದೆಯಂತೆ.

"ಇದನ್ನ ಯಾರು ಬೇಕಾದ್ರೂ ಹಾಕಬಹುದಾ?" ಕೇಳಿದೆ.

"ಯಾರು ಬೇಕಾದ್ರೂ."

"ತೆಗೆಯೋದು?"

"ಹಾಕಿದೋರೇ ತೆಗೀಬೇಕು. ಬೀಗದ ಕೈ ಅವರ ಹತ್ರಾನೇ ಇರುತ್ತೆ. ನನ್ ಹತ್ರಾನೂ ಇಲ್ಲ."

ಆ ದಿನದ ನಷ್ಟ ಎಷ್ಟು ಅಂದೆ. ಎರಡು ಸಾವಿರ ಪೀಸ್ ಹಿಂದೆ ಬಿದ್ದಿದ್ದೀವಿ ಅಂದರು. ವರ್ಷದಲ್ಲಿ ಎಷ್ಟು ಸಲ ಹೀಗೆ ಬೀಗ ಬಿದ್ದಿದೆ ಅಂತ ಕೇಳಿದ್ದಕ್ಕೆ ಬೆರಳು ಮಡಚಿ ಎಣಿಸಿದರು. ಏಳು ಸಲ.

"ಅದ್ರಲ್ಲಿ ಮೂರು ಸಲ ಏನೂ ಇರ್ಲಿಲ್ಲ ಕಣ್ರೀ, ಸುಮ್ನೆ ಹೆದರ್ಕೊಂಡಿದ್ರು."

"ಬೈದ್ರಾ?"

"ಮೊದಲ್ನೇ ಸಲ ಬೈದೆ. ಆಮೇಲೆ ಎರಡು ತಿಂಗಳು ಯಾರೂ ಬೀಗಾನೇ ಹಾಕ್ಲಿಲ್ಲ. ಈಗ ಬೈಯಲ್ಲ."